ಆ ಪೀಕಿನೊಳಗೆ ಇನ್ನೇನಿದೆ?

ಓದುಗರ ಪ್ರಶ್ನೆಗೆ ಲ್ಯಾಬಿನಿಂದ ಉತ್ತರ

ಹೋದ ಸಂಚಿಕೆಯಲ್ಲಿ ಮಾತ್ರೆಗಳ ಗುಣಮಟ್ಟದ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಎಚ್‌ಪಿಎಲ್‌ಸಿ ಕುರಿತೇ ಇವೆ. ಅದೇನೆಂದು ಗೊತ್ತಿಲ್ಲದವರಿಗೆ ಎರಡು ಮಾತು. ಔಷಧಿಯಲ್ಲಿ ಬೆರೆತಿರುವ ವಸ್ತುಗಳನ್ನು ಬಿಡಿಸಿ ಅಳೆಯುವ ಮಷೀನ್ ಅದು. ಗೇಣುದ್ದಕ್ಕಿಂತ ಕೊಂಚ ಜಾಸ್ತಿ ಇರುವ ಸ್ಟೀಲ್ ಕೊಳವೆ, ಅದರ ಹೆಸರು ಕಾಲಂ. ಒಳಗೆ ನುಣುಪಾದ ಸಿಲಿಕಾ ಕಣಗಳು ಒತ್ತಾಗಿ ತುಂಬಿರುತ್ತವೆ. ಪಂಪು ಒಂದು ದ್ರಾವಣವನ್ನು ಒತ್ತಡದಲ್ಲಿ ಅದರ ಮೂಲಕ ತಳ್ಳುತ್ತಲೇ ಇರುತ್ತದೆ. ಅದು ಮೊಬೈಲ್ ಫೇಸ್. ಮಾತ್ರೆ ಕರಗಿಸಿದ ನೀರು ಅರ್ಧ ಹನಿಯಷ್ಟು ಒಳಗೆ ಹಾಕಿದರೆ, ಅದರಲ್ಲಿರುವ ಒಂದೊಂದು ವಸ್ತುವೂ ಒಂದೊಂದು ಹೊತ್ತಿಗೆ ಹೊರಗೆ ಬರುತ್ತದೆ. ಕೊನೆಯಲ್ಲಿ ಕೂತ ಡಿಟೆಕ್ಟರ್ ಅದನ್ನು ಗುಡ್ಡದ ಆಕಾರದಲ್ಲಿ ಬರೆಯುತ್ತದೆ. ಅದೇ ಪೀಕ್. ಪೀಕಿನ ಅಗಲ ಎತ್ತರ ಸೇರಿಸಿ ಲೆಕ್ಕ ಹಾಕಿದರೆ ಔಷಧಿ ಎಷ್ಟಿದೆ ಅಂತ ಗೊತ್ತಾಗುತ್ತದೆ.

ನಂಜನಗೂಡಿನ ಕಾರ್ಖಾನೆಯೊಂದರ ಕ್ಯೂಸಿ, ಅಂದರೆ ಗುಣಮಟ್ಟ ಪರೀಕ್ಷಿಸುವ ಲ್ಯಾಬಿನಲ್ಲಿ ನನ್ನ ಅರ್ಧ ಆಯುಸ್ಸು ಕಳೆದಿದೆ. ಈಗ ಕುವೆಂಪುನಗರದ ಮನೆಯಲ್ಲಿದ್ದರೂ ಹುಡುಗ ಹುಡುಗಿಯರು ಪೀಕ್‌ಗಳ ಚಿತ್ರ, ಅಂದರೆ ಕ್ರೊಮ್ಯಾಟೋಗ್ರಾಂ ಹಿಡಿದುಕೊಂಡು ಬರುತ್ತಲೇ ಇರುತ್ತಾರೆ. ಅವರಿಗೆಲ್ಲ ನಾನು ಮೊದಲು ಕೇಳುವುದು ಒಂದೇ: ಆ ಪೀಕಿನೊಳಗೆ ಇನ್ನೇನಿದೆ?

ಪ್ರಶ್ನೆ: ಮೇಡಂ, ನನ್ನ ಪ್ರಾಜೆಕ್ಟ್‌ಗೆ ಐಬುಪ್ರೊಫೆನ್ 400, ಪ್ಯಾರಸಿಟಮಾಲ್ 325 ಮಿ.ಗ್ರಾಂ. ಇರುವ ಮಾತ್ರೆ ಕೊಟ್ಟಿದ್ದಾರೆ. ಸಿ18 ಕಾಲಂ, ಪಿಎಚ್ 3ರ ಫಾಸ್ಫೇಟ್ ಬಫರ್ (ಪಿಎಚ್ ಅಲುಗದಂತೆ ಹಿಡಿದಿಡುವ ದ್ರಾವಣ) 30, ಮೆಥನಾಲ್ 70 ಹಾಕಿದ್ದೇನೆ. ಪ್ಯಾರಸಿಟಮಾಲ್ 2.9 ನಿಮಿಷಕ್ಕೇ ಬಂದುಬಿಡುತ್ತೆ. ಐಬುಪ್ರೊಫೆನ್ 17 ನಿಮಿಷ ಆದಮೇಲೆ ಬರುತ್ತೆ. ಮೆಥನಾಲ್ ಜಾಸ್ತಿ ಮಾಡಿದರೆ ಮೊದಲನೆಯದು ಸಾಲ್ವೆಂಟ್ ಪೀಕಿನೊಳಗೆ (ಕರಗಿಸಿದ ದ್ರಾವಣದಿಂದಲೇ ಮೊದಲು ಏಳುವ ಪೀಕ್) ಸೇರಿಹೋಗುತ್ತೆ. ಕಡಿಮೆ ಮಾಡಿದರೆ ಎರಡನೆಯದು ಬರೋದೇ ಇಲ್ಲ. ದಿನಾ ಇದೇ ಆಗಿದೆ. ಏನು ಮಾಡಲಿ?
— ಎಂ.ಫಾರ್ಮ್ ವಿದ್ಯಾರ್ಥಿನಿ, ಮೈಸೂರು

ಉತ್ತರ: ನೋಡಮ್ಮಾ, ನೀನು ಮೆಥನಾಲ್ ಒಂದನ್ನೇ ತಿರುಗಿಸುತ್ತಾ ಕೂತಿದ್ದೀಯ. ಅದರಿಂದ ಎರಡೂ ಪೀಕ್ ಒಟ್ಟಿಗೆ ಹಿಂದೆ ಮುಂದೆ ಹೋಗುತ್ತವೆ. ನಿನಗೆ ಬೇಕಿರುವುದು ಒಂದನ್ನು ಬಿಟ್ಟು ಇನ್ನೊಂದನ್ನು ಮಾತ್ರ ಜರುಗಿಸುವ ದಾರಿ. ಅದು ಪಿಎಚ್‌ನಲ್ಲಿದೆ.

ಮಷೀನ್ ಸ್ವಲ್ಪ ಹೊತ್ತು ಮರೆತುಬಿಡು. ಒಂದು ಕಾಗದ ತಗೊಂಡು ಎರಡೂ ಔಷಧಿಯ ಪಿಕೆಎ ಬರೆದುಕೋ. ಯಾವ ಪಿಎಚ್‌ನಲ್ಲಿ ಔಷಧಿಯ ಅರ್ಧ ಪಾಲಿನ ಮೇಲೆ ಚಾರ್ಜ್ ಇರುತ್ತದೋ ಅದೇ ಪಿಕೆಎ. ಐಬುಪ್ರೊಫೆನ್ ಆಮ್ಲ, ಅದರ ಪಿಕೆಎ ಸುಮಾರು 4.5. ಪ್ಯಾರಸಿಟಮಾಲ್‌ನದು ಸುಮಾರು 9.5. ಪಿಎಚ್ 3ರಲ್ಲಿ ಐಬುಪ್ರೊಫೆನ್ ಮೇಲೆ ಚಾರ್ಜ್ ಇರುವುದಿಲ್ಲ. ಎಣ್ಣೆಯ ಜಾತಿಗೆ ಸೇರಿದ ವಸ್ತು ಅದು. ಸಿ18ರ ಮೇಲ್ಮೈಯೂ ಅದೇ ಜಾತಿ. ಹಾಗಾಗಿ ಹೋಗಿ ಅಂಟಿಕೊಂಡರೆ ಬೇಗ ಬಿಡುವುದಿಲ್ಲ. ಪಿಎಚ್ 7ರ ಹತ್ತಿರ ಹೋದರೆ ಅದೇ ಐಬುಪ್ರೊಫೆನ್ ಹೆಚ್ಚುಕಡಿಮೆ ಪೂರ್ತಿ ಅಯಾನ್ ಆಗುತ್ತದೆ, ಕಾಲಂನ ಹಿಡಿತ ಸಡಿಲುತ್ತದೆ. ಇಷ್ಟರಲ್ಲಿ ಪ್ಯಾರಸಿಟಮಾಲ್‌ಗೆ ಏನೂ ಆಗಿರುವುದಿಲ್ಲ. 3 ಇರಲಿ 7 ಇರಲಿ, ಅದು ಚಾರ್ಜ್ ಇಲ್ಲದೆಯೇ ಇರುತ್ತದೆ.

ಈಗ ನೀನು ಧೈರ್ಯವಾಗಿ ಮೆಥನಾಲ್ ಇಳಿಸಬಹುದು. ಐಬುಪ್ರೊಫೆನ್ ಕಾಲಂನಲ್ಲೇ ಸಿಕ್ಕಿಹಾಕಿಕೊಳ್ಳುವುದಿಲ್ಲ, ಪ್ಯಾರಸಿಟಮಾಲ್ ತಡವಾಗಿ ಬರುತ್ತದೆ. ನಿನ್ನದು 250 ಮಿ.ಮೀ. ಉದ್ದ, 4.6 ಮಿ.ಮೀ. ಒಳವ್ಯಾಸದ ಕಾಲಂ ಅಂದುಕೊಂಡಿದ್ದೇನೆ. ನಿಮಿಷಕ್ಕೆ 1 ಮಿ.ಲೀ. ಹರಿವಿನಲ್ಲಿ ಯಾವುದಕ್ಕೂ ಅಂಟದ ವಸ್ತು ಸುಮಾರು 2.5 ನಿಮಿಷಕ್ಕೆ ಹೊರಬರುತ್ತದೆ. 2.9ಕ್ಕೆ ಬರುವ ಪ್ಯಾರಸಿಟಮಾಲ್ ಕಾಲಂನಲ್ಲಿ ನಿಂತೇ ಇಲ್ಲ ಅಂತ ಅರ್ಥ. ಅದು 5 ನಿಮಿಷ ದಾಟಬೇಕು. 7 ಆದರೆ ಇನ್ನೂ ಒಳ್ಳೆಯದು.

ಇದಕ್ಕೆ ನಾನು ಇಷ್ಟು ಒತ್ತುಕೊಡಲು ಕಾರಣವಿದೆ. ಪ್ಯಾರಸಿಟಮಾಲ್ ಒಡೆದರೆ 4-ಅಮಿನೋಫಿನಾಲ್ ಬರುತ್ತದೆ. ಅದು ವಿಷಕಾರಿ, ಔಷಧಿಗಳ ಗುಣಮಟ್ಟದ ಅಧಿಕೃತ ಗ್ರಂಥ ಫಾರ್ಮಕೋಪಿಯಾ ಅದಕ್ಕೆ ಬಿಗಿಯಾದ ಮಿತಿ ಹಾಕಿದೆ. ಪಿಎಚ್ 3ರಲ್ಲಿ ಅದರ ಮೇಲೆ ಪೂರ್ತಿ ಚಾರ್ಜ್. ಅದು ಸಾಲ್ವೆಂಟ್ ಪೀಕಿನ ಜೊತೆಗೇ ಜಾರಿಹೋಗುತ್ತದೆ. ಅಂದರೆ ನಿನ್ನ 2.9 ನಿಮಿಷದ ಪೀಕಿನ ಬುಡದಲ್ಲೇ ಎಲ್ಲೋ ಅಡಗಿರುತ್ತದೆ. ಪಿಎಚ್ 7ರಲ್ಲಿ ಅದು ಕೊಂಚ ನಿಂತು ಬರುತ್ತದೆ. ಆಗ ಪ್ಯಾರಸಿಟಮಾಲ್‌ಗೆ ಮುಂಚೆ ಅದನ್ನು ಬೇರೆಯಾಗಿ ನೋಡುವ ಅವಕಾಶ ಸಿಗುತ್ತದೆ.

ಬಫರ್ ಫಾಸ್ಫೇಟ್ ಆಗಿರಲಿ. ಅದರ ಎರಡನೇ ಪಿಕೆಎ 7.2, ಹಾಗಾಗಿ 6.8ರಿಂದ 7ರವರೆಗೆ ಗಟ್ಟಿಯಾಗಿ ನಿಲ್ಲುತ್ತದೆ. ಎರಡೂ ಔಷಧಿ ಕಾಣಲು ಡಿಟೆಕ್ಟರನ್ನು 222 ನ್ಯಾನೋಮೀಟರ್ ಆಸುಪಾಸು ಇಡಬೇಕಾಗುತ್ತದೆ. ಅಲ್ಲಿ ಫಾಸ್ಫೇಟ್ ತೊಂದರೆ ಕೊಡುವುದಿಲ್ಲ. ಪಿಎಚ್ 4.5 ಮಾತ್ರ ಬೇಡವೇ ಬೇಡ. ಐಬುಪ್ರೊಫೆನ್ ಅಲ್ಲಿ ಅರ್ಧ ಅಯಾನ್, ಅರ್ಧ ಅಲ್ಲ. ಬಫರ್ 0.1 ಆಚೀಚೆ ಆದರೂ ಪೀಕ್ ಜಾಗ ಬಿಟ್ಟು ಓಡುತ್ತದೆ. ಮಾಮೂಲಿ ಸಿಲಿಕಾ ಕಾಲಂ ಪಿಎಚ್ 2ರಿಂದ 8ರವರೆಗೆ ತಡೆಯುತ್ತದೆ, ಆದ್ದರಿಂದ 7ಕ್ಕೆ ಹೆದರಬೇಡ. ಪಿಎಚ್ ಅಳೆಯುವುದು ಮೆಥನಾಲ್ ಸೇರಿಸುವ ಮುಂಚೆ. ಸಂಜೆ ಹೊರಡುವಾಗ ಬಫರನ್ನು ಕಾಲಂನಲ್ಲಿ ಬಿಟ್ಟು ಹೋಗಬಾರದು. ಮೊದಲು ನೀರು ಜಾಸ್ತಿ ಇರುವ ಮಿಶ್ರಣ, ಆಮೇಲೆ ಮೆಥನಾಲ್. ನೇರವಾಗಿ ಮೆಥನಾಲ್ ಬಿಟ್ಟರೆ ಉಪ್ಪು ಒಳಗೇ ಗಟ್ಟಿಯಾಗುತ್ತದೆ.

ಇನ್ನೊಂದು ಮಾತು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸು, ಬದಲಾಯಿಸಿದ್ದನ್ನು ಕೂಡಲೇ ನೋಟ್‌ಬುಕ್ಕಿನಲ್ಲಿ ಬರಿ. ಕೆಟ್ಟ ಕ್ರೊಮ್ಯಾಟೋಗ್ರಾಂಗಳನ್ನೂ ಎತ್ತಿಡು. ನಿನ್ನ ಥೀಸಿಸ್‌ನಲ್ಲಿ ನನಗೆ ಓದಬೇಕು ಅನಿಸುವ ಪುಟ ಅದೇ.

ಪ್ರಶ್ನೆ: ನಮ್ಮ ಮೆಡಿಕಲ್ ಸ್ಟೋರಿಗೆ ಬರುವವರು ಜನೌಷಧಿ ಮಾತ್ರೆಯಲ್ಲಿ ಪವರ್ ಕಡಿಮೆ ಅಂತಾರೆ. ಸ್ಟ್ರಿಪ್ ಮೇಲೆ ಪ್ಯಾರಸಿಟಮಾಲ್ 500 ಅಂತ ಇದ್ದರೆ ಒಳಗೆ ನಿಜಕ್ಕೂ 500 ಇರುತ್ತಾ ಮೇಡಂ?
— ಔಷಧಿ ವ್ಯಾಪಾರಿ, ಮದ್ದೂರು

ಉತ್ತರ: ಐಪಿ, ಅಂದರೆ ಇಂಡಿಯನ್ ಫಾರ್ಮಕೋಪಿಯಾ, ಪ್ಯಾರಸಿಟಮಾಲ್ ಮಾತ್ರೆಗೆ 95ರಿಂದ 105 ಪರ್ಸೆಂಟ್ ಮಿತಿ ಇಟ್ಟಿದೆ. ಅಂದರೆ 475ರಿಂದ 525 ಮಿ.ಗ್ರಾಂ. ಒಳಗೆ ಎಲ್ಲಿದ್ದರೂ ಪಾಸ್. ಸ್ಟ್ರಿಪ್ ಮೇಲೆ ಐಪಿ ಅಂತ ಬರೆದಿದ್ದರೆ ಐವತ್ತು ರೂಪಾಯಿಯ ಮಾತ್ರೆಗೂ ಐದು ರೂಪಾಯಿಯ ಮಾತ್ರೆಗೂ ಇದೇ ಮಿತಿ, ಇದೇ ಪರೀಕ್ಷೆ. ಜನೌಷಧಿಯವರು ಡಬ್ಲ್ಯುಎಚ್‌ಒ-ಜಿಎಂಪಿ (ಒಳ್ಳೆಯ ತಯಾರಿಕಾ ಪದ್ಧತಿಯ) ಪ್ರಮಾಣಪತ್ರ ಇರುವ ತಯಾರಕರಿಂದಲೇ ಕೊಂಡು, ಮಾನ್ಯತೆ ಇರುವ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ ಅಂಗಡಿಗೆ ಕಳಿಸುವ ವ್ಯವಸ್ಥೆ ಇದೆ. ಬೆಲೆ ನೋಡಿ ಪವರ್ ಅಳೆಯಲು ಆಗುವುದಿಲ್ಲ.

ನಿಮ್ಮ ಗಿರಾಕಿಗಳಿಗೆ ಇದನ್ನೂ ಹೇಳಿ. ಈ ಪರೀಕ್ಷೆಗೆ 20 ಮಾತ್ರೆ ಒಟ್ಟಿಗೆ ಪುಡಿ ಮಾಡುತ್ತಾರೆ. ಸಿಗುವುದು ಸರಾಸರಿ ಲೆಕ್ಕ. ಮಾತ್ರೆ ಹೊಟ್ಟೆಯಲ್ಲಿ ಕರಗುತ್ತದಾ ಅಂತ ನೋಡಲು ಡಿಸಲ್ಯೂಷನ್ ಪರೀಕ್ಷೆ ಬೇರೆಯೇ ಇದೆ. ಎಷ್ಟೋ ಸಲ ಜನ ಪವರ್ ಇಲ್ಲ ಅನ್ನುವುದು ಕರಗದ ಮಾತ್ರೆಗೆ. ಬಿಸಿಲು ಬೀಳುವ ಗಾಜಿನ ಶೋಕೇಸಿನಲ್ಲಿ ಬೇಸಿಗೆಯೆಲ್ಲ ಇಟ್ಟ ಮಾತ್ರೆಯ ಕಥೆಯೂ ಬೇರೆ. ಮದ್ದೂರಿನ ಏಪ್ರಿಲ್ ಬಿಸಿಲು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಈಗ ಲ್ಯಾಬಿನ ಕಡೆಯ ಮಾತು. ಮಾತ್ರೆಯಲ್ಲಿ ನಿಜವಾಗಿ ಇರುವುದು 93 ಪರ್ಸೆಂಟ್, ಲ್ಯಾಬಿನ ಪದ್ಧತಿಯೇ 3 ಪರ್ಸೆಂಟ್ ಮೇಲೆ ತೋರಿಸುತ್ತದೆ ಅಂತ ಇಟ್ಟುಕೊಳ್ಳಿ. ರಿಪೋರ್ಟಿನಲ್ಲಿ 96 ಬಂತು, ಪಾಸ್ ಆಯಿತು. ಮಾಲು ನಿಮ್ಮ ಅಂಗಡಿಗೆ ಬಂತು. ಅದಕ್ಕೇ ಮಾತ್ರೆ ಅಳೆಯುವ ಮುಂಚೆ ಅಳೆಯುವ ಪದ್ಧತಿಯನ್ನು ಅಳೆಯಬೇಕು. ವ್ಯಾಲಿಡೇಷನ್ ಅನ್ನುವುದು ಇಷ್ಟೇ.

ಪ್ರಶ್ನೆ: ಕೆಮ್ಮಿನ ಸಿರಪ್ ಕುಡಿದು ಮಕ್ಕಳು ಸತ್ತ ಸುದ್ದಿ ನೋಡಿದಾಗಿನಿಂದ ಭಯ ಆಗುತ್ತೆ. ಅಷ್ಟೊಂದು ಮಷೀನ್ ಇದ್ದೂ ಲ್ಯಾಬಿನವರಿಗೆ ಹೇಗೆ ಗೊತ್ತಾಗಲಿಲ್ಲ? ನನಗೆ ಮೂರು ವರ್ಷದ ಮಗ ಇದ್ದಾನೆ ಅಮ್ಮಾ.
— ಗೃಹಿಣಿ, ಮಂಡ್ಯ

ಉತ್ತರ: ನಿಮ್ಮ ಭಯ ನ್ಯಾಯವಾದದ್ದು ತಾಯಿ. ಮೊದಲು ಮಗುವಿನ ವಿಷಯ. 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆರೋಗ್ಯ ಸೇವಾ ನಿರ್ದೇಶನಾಲಯ ಸ್ಪಷ್ಟವಾಗಿ ಹೇಳಿದೆ: ಎರಡು ವರ್ಷದ ಒಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಸಿರಪ್ ಬರೆಯಬಾರದು, ಐದು ವರ್ಷದ ಒಳಗೂ ಸಾಮಾನ್ಯವಾಗಿ ಬೇಡ. ನಿಮ್ಮ ಮಗನಿಗೆ ಡಾಕ್ಟರ್ ನೋಡದೆ ಏನೂ ಹಾಕಬೇಡಿ. ಪಕ್ಕದ ಮನೆಯ ಮಗುವಿಗೆ ತಂದು ಉಳಿದ ಬಾಟಲಿಯಂತೂ ಬೇಡ.

ಈಗ ಪ್ರಶ್ನೆಗೆ ಬರುತ್ತೇನೆ. ಸಿರಪ್‌ನಲ್ಲಿ ಸಿಹಿಯಾದ, ಮಂದವಾದ ದ್ರವ ಒಂದಿರುತ್ತದೆ. ಗ್ಲಿಸರಿನ್ ಅಥವಾ ಪ್ರೊಪಿಲೀನ್ ಗ್ಲೈಕಾಲ್. ಅವುಗಳ ಹಾಗೇ ಕಾಣುವ, ಹಾಗೇ ಸಿಹಿ ಇರುವ, ಕಡಿಮೆ ಬೆಲೆಯ ಇನ್ನೊಂದು ದ್ರವ ಡೈಎಥಿಲೀನ್ ಗ್ಲೈಕಾಲ್. ಅದು ಕಾರ್ಖಾನೆ ಕೆಲಸಕ್ಕೆ ಬಳಸುವಂಥದ್ದು. ಮೈಗೆ ಹೋದರೆ ಕಿಡ್ನಿ ನಿಂತುಹೋಗುತ್ತದೆ. ಇದು ಹೊಸ ವಿಷವಲ್ಲ. 1937ರಲ್ಲಿ ಅಮೆರಿಕದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು, ಮರುವರ್ಷವೇ ಅಲ್ಲಿ ಹೊಸ ಔಷಧಿ ಕಾನೂನು ಬಂತು. 1986ರಲ್ಲಿ ಮುಂಬೈ, 1998ರಲ್ಲಿ ಗುರುಗ್ರಾಮ, 2022ರಲ್ಲಿ ಗ್ಯಾಂಬಿಯಾ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡ. ಅಲ್ಲಿ ಮಕ್ಕಳು ಕುಡಿದ ಸಿರಪ್‌ನಲ್ಲಿ ತಮಿಳುನಾಡಿನ ಸರ್ಕಾರಿ ಲ್ಯಾಬ್ ಕಂಡದ್ದು 48.6 ಪರ್ಸೆಂಟ್. ಇರಬಹುದಾದ ಮಿತಿ 0.1 ಪರ್ಸೆಂಟ್. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಕೈ ನಡುಗಿತು.

ಮಷೀನ್ ಇದ್ದೂ ಯಾಕೆ ತಪ್ಪಿಹೋಗುತ್ತದೆ? ಮಾಮೂಲಿ ಎಚ್‌ಪಿಎಲ್‌ಸಿಯ ಡಿಟೆಕ್ಟರ್ ಅತಿನೇರಳೆ ಬೆಳಕನ್ನು ಹೀರುವ ವಸ್ತುಗಳನ್ನು ಮಾತ್ರ ನೋಡುತ್ತದೆ. ಸಿರಪ್‌ನಲ್ಲಿರುವ ಕ್ಲೋರ್‌ಫೆನಿರಮಿನ್ ಆ ಬೆಳಕನ್ನು ಹೀರುತ್ತದೆ, ಚೆಂದದ ಪೀಕ್ ಕೊಡುತ್ತದೆ, 99 ಪರ್ಸೆಂಟ್ ಅಂತ ರಿಪೋರ್ಟ್ ಬರುತ್ತದೆ. ಡೈಎಥಿಲೀನ್ ಗ್ಲೈಕಾಲ್ ಆ ಬೆಳಕನ್ನು ಹೀರುವುದೇ ಇಲ್ಲ. ಬಾಟಲಿಯ ಅರ್ಧ ಅದೇ ಇದ್ದರೂ ಆ ಪರದೆಯ ಮೇಲೆ ಒಂದು ಗೆರೆಯೂ ಏಳುವುದಿಲ್ಲ. ಅದಕ್ಕೆ ಗ್ಯಾಸ್ ಕ್ರೊಮ್ಯಾಟೋಗ್ರಫಿ ಬೇಕು. ಸ್ಯಾಂಪಲನ್ನು ಆವಿ ಮಾಡಿ ಕಾಲಂ ದಾಟಿಸಿ, ಕೊನೆಯಲ್ಲಿ ಸಣ್ಣ ಜ್ವಾಲೆಯಲ್ಲಿ ಉರಿಸಿ ಅಳೆಯುತ್ತಾರೆ. ಅದನ್ನು ಸಿರಪ್ ಆದಮೇಲೆ ಮಾಡಿದರೆ ಸಾಲದು. ಗ್ಲಿಸರಿನ್ ಬಂದಿಳಿದ ದಿನವೇ, ಒಂದೊಂದು ಡ್ರಮ್ಮಿನಿಂದಲೂ ತೆಗೆದು ಮಾಡಬೇಕು. ನೂರು ಡ್ರಮ್ಮಿಗೆ ಒಂದು ಸ್ಯಾಂಪಲ್ ತೆಗೆದು ಸಹಿ ಹಾಕುವ ಕಡೆ ಮಗುವಿನ ಜೀವ ಅದೃಷ್ಟದ ಕೈಯಲ್ಲಿರುತ್ತದೆ.

ಪ್ರಶ್ನೆ: ಮೊಬೈಲ್ ಫೇಸ್‌ಗೆ ಹಾಕುವ ಅಸಿಟೋನೈಟ್ರೈಲ್ ತುಂಬಾ ದುಬಾರಿ. ನಮ್ಮ ಕಾಲೇಜಿನಲ್ಲಿ ಮೆಥನಾಲ್ ಮಾತ್ರ ಕೊಡ್ತಾರೆ. ಅದರಲ್ಲಿ ಮಾಡಿದ ಮೆಥಡ್ ಕೀಳು ಅಂತ ಎಕ್ಸಾಮಿನರ್ ಅಂದುಕೊಳ್ಳಲ್ವಾ?
— ವಿದ್ಯಾರ್ಥಿ, ಭಾರತೀನಗರ

ಉತ್ತರ: ಖಂಡಿತ ಇಲ್ಲಪ್ಪಾ. ಪೀಕ್‌ಗಳು ಬೇರೆ ಬೇರೆಯಾಗಿ ಬಂದರೆ ಮೆಥನಾಲ್ ಒಳ್ಳೆಯ ಸಾಲ್ವೆಂಟೇ. ಎಷ್ಟೋ ಸಲ ಅಸಿಟೋನೈಟ್ರೈಲ್‌ನಲ್ಲಿ ಅಂಟಿಕೊಂಡ ಎರಡು ಪೀಕ್ ಮೆಥನಾಲ್‌ನಲ್ಲಿ ಬಿಡಿಸಿಕೊಳ್ಳುತ್ತವೆ. ಎರಡು ಎಚ್ಚರ ಸಾಕು. ನೀರು ಮೆಥನಾಲ್ ಸಮಸಮ ಬೆರೆತಾಗ ದ್ರಾವಣ ಮಂದವಾಗಿ ಪಂಪಿನ ಒತ್ತಡ ಏರುತ್ತದೆ. ಮತ್ತೆ 205 ನ್ಯಾನೋಮೀಟರ್‌ಗಿಂತ ಕೆಳಗೆ ಮೆಥನಾಲ್ ತಾನೇ ಬೆಳಕು ಹೀರುತ್ತದೆ. ಅಸಿಟೋನೈಟ್ರೈಲ್ 190ರವರೆಗೂ ಇಳಿಯಬಲ್ಲದು.

ಅಸಿಟೋನೈಟ್ರೈಲ್ ಯಾಕೆ ದುಬಾರಿ ಗೊತ್ತಾ? ಅದನ್ನು ಅದಕ್ಕಾಗಿಯೇ ತಯಾರಿಸುವುದು ಕಡಿಮೆ. ಪ್ಲಾಸ್ಟಿಕ್ ಮತ್ತು ನೂಲಿಗೆ ಬೇಕಾದ ಅಕ್ರಿಲೋನೈಟ್ರೈಲ್ ಮಾಡುವಾಗ ಜೊತೆಯಲ್ಲಿ ಹುಟ್ಟುವ ವಸ್ತು ಅದು. 2008ರ ಕೊನೆಯಲ್ಲಿ ಕಾರು ಮಾರಾಟ ಬಿದ್ದು ಪ್ಲಾಸ್ಟಿಕ್ ಬೇಡಿಕೆ ಕುಸಿದಾಗ ಲೋಕದ ಲ್ಯಾಬುಗಳಿಗೆಲ್ಲ ಅಸಿಟೋನೈಟ್ರೈಲ್ ಬರ ಬಂತು. ಆಗ ಎಷ್ಟೋ ದೊಡ್ಡ ಕಂಪನಿಗಳೇ ಮೆಥನಾಲ್‌ಗೆ ಮರಳಿ ಪದ್ಧತಿಗಳನ್ನು ಹೊಸದಾಗಿ ವ್ಯಾಲಿಡೇಟ್ ಮಾಡಿದವು. ಯಾವುದೇ ಬಳಸು, ಖರ್ಚಾದ ದ್ರಾವಣವನ್ನು ಸಿಂಕಿಗೆ ಸುರಿಯಬೇಡ. ಹೆಸರು ಬರೆದ ಕ್ಯಾನಿಗೆ ಹಾಕು.

ಪ್ರಶ್ನೆ: ಮೇಡಂ, ನಮ್ಮ ಸೀನಿಯರ್‌ಗಳ ಥೀಸಿಸ್‌ಗಳಲ್ಲಿ ವ್ಯಾಲಿಡೇಷನ್ ಟೇಬಲ್‌ಗಳೆಲ್ಲ ಒಂದೇ ಥರ ಇವೆ. ಆರ್-ಸ್ಕ್ವೇರ್ 0.999, ರಿಕವರಿ (ಹಾಕಿದ್ದರಲ್ಲಿ ಅಳತೆಗೆ ಸಿಕ್ಕಿದ್ದು) 99ರಿಂದ 101, ಆರ್‌ಎಸ್‌ಡಿ (ಮತ್ತೆ ಮತ್ತೆ ಅಳೆದಾಗಿನ ಏರುಪೇರು) 2ರ ಒಳಗೆ. ಎಲ್ಲರಿಗೂ ಅದೇ ಬರುವುದಾದರೆ ಮಾಡುವುದು ಯಾಕೆ? ಫೋರ್ಸ್ಡ್ ಡಿಗ್ರೆಡೇಷನ್ ಅಂತೂ ಸುಮ್ನೆ ಟೈಮ್ ವೇಸ್ಟ್ ಅನಿಸುತ್ತೆ.
— ಎಂ.ಫಾರ್ಮ್ ವಿದ್ಯಾರ್ಥಿ, ಬಿ.ಜಿ. ನಗರ, ನಾಗಮಂಗಲ ತಾಲ್ಲೂಕು

ಉತ್ತರ: ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು, ಬೇಜಾರೂ ಆಯಿತು. ಖುಷಿ ನೀವು ಕೇಳಿದ್ದಕ್ಕೆ. ಬೇಜಾರು, ಕೊನೆಯ ಸಾಲಿಗೆ. ವ್ಯಾಲಿಡೇಷನ್‌ನಲ್ಲಿ ಒಂದೇ ಒಂದು ಕೆಲಸ ಮಾಡಲು ಸಮಯವಿದ್ದರೆ ನಾನು ಆರಿಸಿಕೊಳ್ಳುವುದು ಫೋರ್ಸ್ಡ್ ಡಿಗ್ರೆಡೇಷನ್ನೇ.

ಅದು ಏನು ಮಾಡುತ್ತದೆ ನೋಡಿ. ಔಷಧಿಯನ್ನು ಬೇಕೆಂದೇ ಕೆಡಿಸುತ್ತೀರಿ. ಆಮ್ಲದಲ್ಲಿ ಒಂದಷ್ಟು, ಕ್ಷಾರದಲ್ಲಿ ಒಂದಷ್ಟು, 3 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ, ಓವನ್ನಿನ ಬಿಸಿಯಲ್ಲಿ, ಬೆಳಕಿನಲ್ಲಿ. ಬೆಳಕಿಗೆ ಐಸಿಎಚ್, ಅಂದರೆ ಔಷಧಿ ನಿಯಮಗಳನ್ನು ದೇಶದೇಶಗಳಿಗೆ ಹೊಂದಿಸುವ ಅಂತರರಾಷ್ಟ್ರೀಯ ಸಂಸ್ಥೆ, ಹೇಳುವ ಲೆಕ್ಕ ಕನಿಷ್ಠ 12 ಲಕ್ಷ ಲಕ್ಸ್-ಗಂಟೆ. ಪೂರ್ತಿ ಸುಟ್ಟುಹಾಕಬಾರದು. 5ರಿಂದ 20 ಪರ್ಸೆಂಟ್ ಕೆಟ್ಟರೆ ಸಾಕು. ಆಮೇಲೆ ಇಂಜೆಕ್ಟ್ ಮಾಡಿ. ಮುಖ್ಯ ಪೀಕ್ 12 ಪರ್ಸೆಂಟ್ ಇಳಿದಿದೆ ಅನ್ನಿ. ಆ 12 ಎಲ್ಲಿ ಹೋಯಿತು? ಹೊಸ ಸಣ್ಣ ಪೀಕ್‌ಗಳಾಗಿ ಎಲ್ಲಾದರೂ ಕಾಣಬೇಕು. ಕಾಣದಿದ್ದರೆ ಅದು ಡಿಟೆಕ್ಟರ್‌ಗೆ ಕಾಣದ ವಸ್ತುವಾಗಿದೆ, ಇಲ್ಲವೇ ಕಾಲಂನಲ್ಲೇ ಸಿಕ್ಕಿಬಿದ್ದಿದೆ. ಇನ್ನೂ ಕೆಟ್ಟದ್ದೆಂದರೆ, ಔಷಧಿ ಕೆಟ್ಟಿರುವುದು ಕಣ್ಣಿಗೇ ಗೊತ್ತಾಗುತ್ತಿದೆ, ದ್ರಾವಣ ಕಂದು ಬಣ್ಣಕ್ಕೆ ತಿರುಗಿದೆ, ಆದರೂ ಮುಖ್ಯ ಪೀಕ್ ಒಂದಿಷ್ಟೂ ಇಳಿದಿಲ್ಲ. ಹಾಗಾದರೆ ಕೆಟ್ಟು ಹುಟ್ಟಿದ್ದು ಅದೇ ಪೀಕಿನೊಳಗೆ ಕೂತಿದೆ. ಒಂದೇ ಸಲಕ್ಕೆ ಹಲವು ತರಂಗಾಂತರದ ಬೆಳಕಿನಲ್ಲಿ ನೋಡುವ ಪಿಡಿಎ ಡಿಟೆಕ್ಟರ್ ಇದ್ದರೆ ಪೀಕಿನ ಆರಂಭ, ತುದಿ, ಇಳಿಜಾರು ಮೂರೂ ಕಡೆಯ ಸ್ಪೆಕ್ಟ್ರಂ ಒಂದರ ಮೇಲೊಂದು ಇಟ್ಟು ನೋಡಿ. ಹೊಂದದಿದ್ದರೆ ಒಳಗೆ ಇನ್ಯಾರೋ ಇದ್ದಾರೆ.

ಈಗ ಆ 0.999. ಆರ್-ಸ್ಕ್ವೇರ್ ಅಂದರೆ ಬಿಂದುಗಳು ನೇರ ಗೆರೆಗೆ ಎಷ್ಟು ಹೊಂದುತ್ತವೆ ಅನ್ನುವ ಅಂಕಿ. ಅದು ಬಹಳ ಉದಾರಿ, ಕೊಂಚ ಬಾಗಿದ ಗೆರೆಗೂ 0.999 ಕೊಟ್ಟುಬಿಡುತ್ತದೆ. ಐದು ಸಾಂದ್ರತೆಗಳ ಬಿಂದುಗಳನ್ನು ಇಟ್ಟ ಮೇಲೆ ಒಂದೊಂದು ಬಿಂದುವೂ ಗೆರೆಯಿಂದ ಎಷ್ಟು ದೂರ, ಯಾವ ಕಡೆ ಅಂತ ಬಿಡಿಸಿ ನೋಡಿ. ಎರಡೂ ತುದಿ ಕೆಳಗೆ, ನಡುವಿನದು ಮೇಲೆ ಇದ್ದರೆ ಗೆರೆ ನೇರವಾಗಿಲ್ಲ. ರಿಕವರಿ ಮಾಡುವಾಗ ಬರೀ ಶುದ್ಧ ಔಷಧಿ ತೂಗಿ ಕರಗಿಸಿದರೆ 100 ಬಾರದೆ ಇನ್ನೇನು ಬಂದೀತು? ಮಾತ್ರೆಯಲ್ಲಿರುವ ಸ್ಟಾರ್ಚ್, ಟಾಲ್ಕ್, ಮೆಗ್ನೀಸಿಯಂ ಸ್ಟಿಯರೇಟ್ ಎಲ್ಲ ಬೆರೆಸಿದ ಪ್ಲಸಿಬೋಗೆ ಔಷಧಿ ಸೇರಿಸಿ 80, 100, 120 ಪರ್ಸೆಂಟ್ ಮಟ್ಟದಲ್ಲಿ ಮೂರು ಮೂರು ಸಲ ಮಾಡಿ. ಒಂಬತ್ತು ತೂಕ, ಒಂಬತ್ತು ಫ್ಲಾಸ್ಕ್. ಒಂದೇ ಫ್ಲಾಸ್ಕಿನಿಂದ ಒಂಬತ್ತು ಇಂಜೆಕ್ಷನ್ ಹಾಕಿದರೆ ನಿಮ್ಮ ಇಂಜೆಕ್ಟರ್ ಚೆನ್ನಾಗಿದೆ ಅಂತ ಮಾತ್ರ ಗೊತ್ತಾಗುತ್ತದೆ.

ರೊಬಸ್ಟ್‌ನೆಸ್ (ಸಣ್ಣ ಬದಲಾವಣೆಗೆ ಪದ್ಧತಿ ಅಲುಗದೆ ನಿಲ್ಲುತ್ತದಾ ಅನ್ನುವ ಪರೀಕ್ಷೆ) ಕೂಡ ಕೊನೆಯ ವಾರದ ಶಾಸ್ತ್ರವಾಗಬಾರದು. ಪಿಎಚ್ 0.2, ಹರಿವು 0.1, ಕಾಲಂ ಬಿಸಿ 5 ಡಿಗ್ರಿ ಆಚೀಚೆ ಮಾಡಿ ಮೊದಲೇ ನೋಡಿದರೆ ಮುಂದೆ ಆಗುವ ಗೋಳು ತಪ್ಪುತ್ತದೆ. 2023ರ ನವೆಂಬರ್‌ನಲ್ಲಿ ಐಸಿಎಚ್ ವ್ಯಾಲಿಡೇಷನ್ ಕುರಿತ ಹೊಸ ಮಾರ್ಗಸೂಚಿ ಕ್ಯೂ2(ಆರ್2) ಜೊತೆಗೆ ಕ್ಯೂ14 ಅನ್ನೂ ಒಪ್ಪಿತು. ಕ್ಯೂ14 ಪೂರ್ತಿ ಪದ್ಧತಿ ಕಟ್ಟುವುದರ ಬಗ್ಗೆಯೇ ಇದೆ. ಓದಿ. ಕಟ್ಟುವಾಗಲೇ ತಿಳಿದುಕೊಳ್ಳಬೇಕಾದದ್ದನ್ನು ವ್ಯಾಲಿಡೇಷನ್ ದಿನಕ್ಕೆ ತಳ್ಳಬೇಡಿ ಅನ್ನುವುದೇ ಅದರ ತಿರುಳು.

ಪದ್ಧತಿಯೇ ಸುಳ್ಳು ಹೇಳಬಹುದು ಅನ್ನುವುದಕ್ಕೆ ರ‍್ಯಾನಿಟಿಡಿನ್ ಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ನಮ್ಮ ಮನೆಗಳಲ್ಲೆಲ್ಲ ಗ್ಯಾಸಿನ ಮಾತ್ರೆ ಅಂತ ಇತ್ತಲ್ಲ, ಅದೇ. 2019ರಲ್ಲಿ ಅಮೆರಿಕದ ಒಂದು ಲ್ಯಾಬ್ ಅದರಲ್ಲಿ ಕ್ಯಾನ್ಸರ್ ತರಬಹುದಾದ ಎನ್‌ಡಿಎಂಎ ವಿಪರೀತ ಇದೆ ಅಂದಿತು. ದಿನಕ್ಕೆ 96 ನ್ಯಾನೋಗ್ರಾಂ ಮೀರಬಾರದ ವಸ್ತು, ಅಲ್ಲಿ ಲಕ್ಷಗಟ್ಟಲೆ ನ್ಯಾನೋಗ್ರಾಂ ಕಂಡಿತ್ತು. ಅವರು ಬಳಸಿದ್ದ ಗ್ಯಾಸ್ ಕ್ರೊಮ್ಯಾಟೋಗ್ರಫಿಯಲ್ಲಿ ಸ್ಯಾಂಪಲನ್ನು 130 ಡಿಗ್ರಿಗೆ ಕಾಯಿಸುತ್ತಿದ್ದರು. ಆ ಬಿಸಿಗೆ ರ‍್ಯಾನಿಟಿಡಿನ್ ಒಡೆದು ಎನ್‌ಡಿಎಂಎ ಅಲ್ಲೇ ಹುಟ್ಟುತ್ತಿತ್ತು. ಬಿಸಿ ಮಾಡದ ಎಲ್‌ಸಿ-ಎಂಎಸ್ ಪದ್ಧತಿಯಲ್ಲಿ ಎಫ್‌ಡಿಎ ನೋಡಿದಾಗ ಅಂಕಿ ಬಹಳ ಕೆಳಗೆ ಬಂತು. ಹಾಗಂತ ಮಾತ್ರೆ ನಿರಪರಾಧಿ ಆಗಲಿಲ್ಲ. ದಿನ ಕಳೆದಂತೆ, ಬೆಚ್ಚಗಿನ ಜಾಗದಲ್ಲಿಟ್ಟಂತೆ ಅದರೊಳಗೆ ಎನ್‌ಡಿಎಂಎ ತಾನಾಗಿ ಬೆಳೆಯುತ್ತದೆ ಅಂತ ಸರಿಯಾದ ಪದ್ಧತಿ ತೋರಿಸಿತು. 2020ರ ಏಪ್ರಿಲ್‌ನಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಅದನ್ನು ವಾಪಸ್ ತೆಗೆಸಿದರು. ತಪ್ಪು ಪದ್ಧತಿಯಲ್ಲೂ ಭಯಪಡಬೇಕಾದ ಉತ್ತರವೇ ಸಿಕ್ಕಿತ್ತು, ಸರಿಯಾದ ಪದ್ಧತಿಯಲ್ಲೂ ಅಂಥದ್ದೇ. ಆದರೆ ಎಷ್ಟಿದೆ, ಯಾಕಿದೆ, ಏನು ಮಾಡಬೇಕು ಅಂತ ತಿಳಿದದ್ದು ಎರಡನೆಯದರಿಂದ ಮಾತ್ರ.

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಮಷೀನ್ ಇಲ್ಲದೆ ಕ್ರೊಮ್ಯಾಟೋಗ್ರಫಿಯನ್ನು ಮಕ್ಕಳಿಗೆ ತೋರಿಸಲು ಆಗುತ್ತಾ?
— ಶಿಕ್ಷಕರು, ಶ್ರೀರಂಗಪಟ್ಟಣ

ಉತ್ತರ: ಆಗುತ್ತದೆ ಸಾರ್. ಇದು ಶುರುವಾದದ್ದೇ ಸುಣ್ಣದ ಪುಡಿಯಿಂದ. ಮಿಖಾಯಿಲ್ ತ್ಸ್ವೆಟ್ ಎಂಬ ರಷ್ಯಾದ ಸಸ್ಯವಿಜ್ಞಾನಿ ಗಾಜಿನ ಕೊಳವೆಗೆ ಚಾಕ್ ಪುಡಿ ತುಂಬಿ, ಎಲೆಯ ರಸವನ್ನು ಮೇಲಿನಿಂದ ಇಳಿಬಿಟ್ಟು, ಹಸಿರು ಹಳದಿ ಪಟ್ಟಿಗಳು ಬೇರೆಯಾಗುವುದನ್ನು ಕಂಡರು. 1903ರಲ್ಲಿ ವಾರ್ಸಾದಲ್ಲಿ ಅದರ ಬಗ್ಗೆ ಉಪನ್ಯಾಸ ಕೊಟ್ಟರು, 1906ರಲ್ಲಿ ಬರೆದು ಪ್ರಕಟಿಸಿದರು. ಬಹಳ ವರ್ಷ ಯಾರೂ ಕಿವಿಗೊಡಲಿಲ್ಲ. ಇದೇ ದಾರಿಯಲ್ಲಿ ಮುಂದೆ ಹೋದ ಮಾರ್ಟಿನ್ ಮತ್ತು ಸಿಂಜ್ ಅವರಿಗೆ 1952ರಲ್ಲಿ ನೊಬೆಲ್ ಬಂತು.

ನೀವು ಮಾಡಬೇಕಾದ್ದು ಇಷ್ಟು. ಪಾಲಕ್ ಅಥವಾ ನುಗ್ಗೆ ಸೊಪ್ಪನ್ನು ಹೆಚ್ಚಿ, ಅಸಿಟೋನ್ ಇರುವ ನೇಲ್‌ಪಾಲಿಶ್ ರಿಮೂವರ್ ಹಾಕಿ ಅರೆದು ಸೋಸಿ. ಕಡುಹಸಿರು ರಸ ಬರುತ್ತದೆ. ಅದನ್ನು ಲೋಟದಲ್ಲಿ ಅರ್ಧ ಸೆಂಟಿಮೀಟರ್ ಎತ್ತರಕ್ಕೆ ಹಾಕಿ, ಬಿಳಿ ಚಾಕ್‌ಪೀಸನ್ನು ನೆಟ್ಟಗೆ ನಿಲ್ಲಿಸಿ. ಕಿಟಕಿ ತೆಗೆದಿಡಿ, ಹತ್ತಿರದಲ್ಲಿ ಬೆಂಕಿ ಬೇಡ. ಹತ್ತು ಹದಿನೈದು ನಿಮಿಷದಲ್ಲಿ ಹಳದಿ ಪಟ್ಟಿ ಮೇಲೆ ಹತ್ತುತ್ತದೆ, ಹಸಿರು ಕೆಳಗೆ ಉಳಿಯುತ್ತದೆ. ಆಮೇಲೆ ಮಕ್ಕಳನ್ನು ಕೇಳಿ: ಎಲೆ ನೋಡಿದಾಗ ಹಳದಿ ಯಾಕೆ ಕಂಡಿರಲಿಲ್ಲ?

ಪ್ರಶ್ನೆ: ನಾನು ಕ್ಯೂಸಿಯಲ್ಲಿ ಅನಲಿಸ್ಟ್. ಹೋದ ವಾರ ಸಿಸ್ಟಂ ಸೂಟಬಿಲಿಟಿಯಲ್ಲಿ ಆರು ಇಂಜೆಕ್ಷನ್‌ಗಳ ಆರ್‌ಎಸ್‌ಡಿ 2.6 ಬಂತು, ಟೈಲಿಂಗ್ (ಪೀಕಿನ ಹಿಂದೆ ಉಳಿಯುವ ಬಾಲ) 2.3. ಮಿತಿ ಎರಡಕ್ಕೂ 2. ಸೀನಿಯರ್, "ಬೇಸ್‌ಲೈನ್ ಕೈಯಲ್ಲಿ ಎಳೆದು ಸರಿಮಾಡು, ಬ್ಯಾಚ್ ಅರ್ಜೆಂಟ್ ಹೋಗಬೇಕು" ಅಂದರು. ಮಾಡಿಬಿಟ್ಟೆ. ನಿದ್ದೆ ಬರುತ್ತಿಲ್ಲ. ಹೆಸರು ಹಾಕಬೇಡಿ ಅಕ್ಕಾ.
— ನಂಜನಗೂಡು

ಉತ್ತರ: ನಿದ್ದೆ ಬಾರದಿರುವುದು ಒಳ್ಳೆಯ ಲಕ್ಷಣ ತಮ್ಮಾ. ನಿನ್ನೊಳಗಿನ ಅನಲಿಸ್ಟ್ ಇನ್ನೂ ಎಚ್ಚರವಾಗಿದ್ದಾನೆ.

ಸಿಸ್ಟಂ ಸೂಟಬಿಲಿಟಿ ಅಂದರೆ ಇವತ್ತು ಈ ಮಷೀನ್ ಹೇಳುವುದನ್ನು ನಂಬಬಹುದಾ ಅನ್ನುವ ಪ್ರಶ್ನೆ. ನಂಬಬೇಡ ಅಂತ ಉತ್ತರ ಬಂತು. ಅದರ ನಂತರ ಆ ಮಷೀನ್ ಕೊಟ್ಟ ಅಂಕಿ ಯಾವುದೂ ಅಂಕಿಯೇ ಅಲ್ಲ. ಪಾಸಾಗುವವರೆಗೆ ಮತ್ತೆ ಮತ್ತೆ ಪರೀಕ್ಷೆ ಮಾಡಿ ಒಳ್ಳೆಯದನ್ನು ಮಾತ್ರ ಇಟ್ಟುಕೊಳ್ಳುವಂತಿಲ್ಲ ಅಂತ ಅಮೆರಿಕದ ಕೋರ್ಟೊಂದು 1993ರಲ್ಲೇ ತೀರ್ಪು ಕೊಟ್ಟಿದೆ. ಕೈಯಲ್ಲಿ ಬೇಸ್‌ಲೈನ್ ಎಳೆಯುವುದು ಅದಕ್ಕಿಂತ ಕೆಟ್ಟದ್ದು. ಮೊದಲು ಹೇಗಿತ್ತು, ಯಾರು, ಎಷ್ಟು ಹೊತ್ತಿಗೆ ಬದಲಾಯಿಸಿದರು ಅನ್ನುವುದು ಆಡಿಟ್ ಟ್ರೇಲ್‌ನಲ್ಲಿ ಕೂತಿದೆ. ಅಲ್ಲಿರುವ ಲಾಗಿನ್ ನಿನ್ನದು, ಸೀನಿಯರ್‌ನದಲ್ಲ.

ಮಷೀನಿಗೆ ಏನಾಗಿತ್ತು ಅಂತಲೂ ಹುಡುಕಬೇಕಿತ್ತು. ಆ ಆರು ಇಂಜೆಕ್ಷನ್ ಮತ್ತೆ ತೆಗೆದು ನೋಡು. ಏರಿಯಾ ಜೊತೆಗೆ ಪೀಕ್ ಬರುವ ಹೊತ್ತೂ ಕುಣಿದಿದ್ದರೆ ಪಂಪಿನ ತೊಂದರೆ, ಗಾಳಿಗುಳ್ಳೆ ಅಥವಾ ಸೋರಿಕೆ. ಹೊತ್ತು ಸರಿಯಿದ್ದು ಏರಿಯಾ ಮಾತ್ರ ಕುಣಿದಿದ್ದರೆ ಇಂಜೆಕ್ಟರ್ ನೋಡಬೇಕು. ಪೀಕ್ ಎಲ್ಲ ಒಟ್ಟಿಗೆ ಮೆಲ್ಲಗೆ ಒಂದೇ ಕಡೆ ಜರುಗಿದ್ದರೆ ಎಸಿ ಕೆಟ್ಟು ರೂಮು ಕಾದಿರಬಹುದು. ಒಂದು ಡಿಗ್ರಿಗೆ ಒಂದೆರಡು ಪರ್ಸೆಂಟ್ ಹೊತ್ತು ಬದಲಾಗುತ್ತದೆ. ಟೈಲಿಂಗ್ ಎಲ್ಲ ಪೀಕ್‌ಗಳಲ್ಲೂ ಇದ್ದರೆ ಕಾಲಂನ ಬಾಯಿ ಕುಸಿದಿರಬಹುದು. ಅಮೈನ್ ಇರುವ ಒಂದೇ ಪೀಕಿನಲ್ಲಿದ್ದರೆ ಸಿಲಿಕಾ ಅದನ್ನು ಹಿಡಿದೆಳೆಯುತ್ತಿದೆ, ಬಫರಿನ ಪಿಎಚ್ ಪರೀಕ್ಷಿಸು. ಇಷ್ಟು ನೋಡಲು ಒಂದು ಶಿಫ್ಟ್ ಹಿಡಿಯುತ್ತದೆ. ಬ್ಯಾಚ್ ಒಂದು ದಿನ ತಡವಾದರೆ ಕಂಪನಿ ಮುಳುಗುವುದಿಲ್ಲ.

ಈಗ ಮಾಡಬೇಕಾದ್ದು. ನಡೆದದ್ದನ್ನು ನಡೆದ ಹಾಗೇ ಬರಿ: ದಿನಾಂಕ, ಮಷೀನ್ ನಂಬರ್, ಮೊದಲು ಬಂದ 2.6 ಮತ್ತು 2.3, ಬದಲಾಯಿಸಿದ ಮೇಲೆ ಬಂದದ್ದು, ಯಾರು ಹೇಳಿದರು. ಕ್ಯೂಎ, ಅಂದರೆ ಗುಣಮಟ್ಟದ ಹೊಣೆ ಹೊತ್ತ ವಿಭಾಗದ ಮುಖ್ಯಸ್ಥರಿಗೆ ಇಮೇಲ್‌ನಲ್ಲೇ ಕಳಿಸು, ಬಾಯಿಮಾತಲ್ಲಿ ಬೇಡ. ಹಳೇ ಡೇಟಾ ಅಳಿಸಲು ಹೋಗಬೇಡ. ಬ್ಯಾಚ್ ಇನ್ನೂ ಗೋಡೌನಿನಲ್ಲೇ ಇದ್ದರೆ ಇವತ್ತೇ ತಡೆಯಲು ಹೇಳು. ಹೊರಗೆ ಹೋಗಿದ್ದರೆ ಎತ್ತಿಟ್ಟ ಸ್ಯಾಂಪಲನ್ನು ಸರಿಯಾದ ಕಾಲಂನಲ್ಲಿ ಮತ್ತೆ ಪರೀಕ್ಷಿಸಲು ಕ್ಯೂಎಯಿಂದ ಬರಹದಲ್ಲಿ ಅನುಮತಿ ತಗೋ.